ಮ್ಯಾಕ್ರೋ ಬರೆದ ಮಾತ್ರಕ್ಕೆ ಥ್ರೆಡ್ ಸುರಕ್ಷತೆ ಬರುವುದಿಲ್ಲ

ಪ್ರಶ್ನೆ: ನಮ್ಮ ಹಳೆಯ ಸಿ ಪ್ರೋಗ್ರಾಂ ಸೋಲಾರಿಸ್ ಎಂಬ ಯೂನಿಕ್ಸ್ ವ್ಯವಸ್ಥೆಯಲ್ಲಿ ಹಲವು ಥ್ರೆಡ್‌ಗಳಲ್ಲಿ, ಅಂದರೆ ಒಟ್ಟಿಗೆ ಸಾಗುವ ಎಳೆಗಳಲ್ಲಿ, ಓಡುತ್ತದೆ. ಫೈಲ್ ಓದುವ ರೀಡ್ ಕರೆ ವಿಫಲವಾಗಿ ಮೈನಸ್ ಒಂದು ಬಂದರೂ ದೋಷಸಂಖ್ಯೆ ಇರಬೇಕಾದ ಎರ್‌ನೋ ಸೊನ್ನೆಯಾಗಿಯೇ ಇರುತ್ತದೆ. ಪ್ರೋಗ್ರಾಂನಲ್ಲಿ ಹಲವು ಥ್ರೆಡ್‌ಗಳಿವೆ ಎಂದು ಸೂಚಿಸುವ _ರೀಎಂಟ್ರಂಟ್ ಮ್ಯಾಕ್ರೋ ಸೇರಿಸಿಯೂ ಪ್ರಯೋಜನವಾಗಲಿಲ್ಲ.

ಉತ್ತರ: ಸೇರಿಸಿದ್ದು ಎಲ್ಲಿ? ಹೀಗೆ ಕೇಳುವವರಲ್ಲಿ ಹೆಚ್ಚಿನವರು ಅದನ್ನು ಇನ್‌ಕ್ಲೂಡ್ ಸಾಲುಗಳ ಕೆಳಗೆ ಬರೆದಿರುತ್ತಾರೆ. ಅಷ್ಟು ಹೊತ್ತಿಗೆ ಹೆಡರ್ (ಆ ಸಾಲುಗಳು ಎಳೆದುತರುವ ಘೋಷಣೆಗಳ ಫೈಲ್) ಓದಿ ಮುಗಿದಿರುತ್ತದೆ, ಕಂಪೈಲರ್ ಹಿಂದೆ ತಿರುಗಿ ನೋಡುವುದಿಲ್ಲ. ಹಳೆಯ ಸೋಲಾರಿಸ್ ಹೆಡರ್‌ನಲ್ಲಿ ಆ ಮ್ಯಾಕ್ರೋ ಕಾಣದಿದ್ದರೆ ಎರ್‌ನೋ ಎಂದರೆ ಬರಿಯ ಗ್ಲೋಬಲ್ ವೇರಿಯಬಲ್, ಅದು ಮೊದಲ ಥ್ರೆಡ್‌ನದು. ಕಂಡರೆ ಎರ್‌ನೋ ಎಂದು ಬರೆದಲ್ಲೆಲ್ಲ ಪ್ರಿಪ್ರೊಸೆಸರ್ (ಕಂಪೈಲ್‌ಗೆ ಮುಂಚೆ ಮ್ಯಾಕ್ರೋಗಳನ್ನು ಬಿಡಿಸುವ ಹಂತ) ಒಂದು ಫಂಕ್ಷನ್ ಕರೆಯನ್ನು ಕೂರಿಸುತ್ತದೆ. ಆ ಫಂಕ್ಷನ್ ಓಡುತ್ತಿರುವ ಥ್ರೆಡ್‌ನ ಸ್ವಂತ ಎರ್‌ನೋದ ವಿಳಾಸ ಕೊಡುತ್ತದೆ. ನಿಮ್ಮ ಎರಡನೆಯ ಥ್ರೆಡ್‌ನ ದೋಷಸಂಖ್ಯೆ ತನ್ನ ಜಾಗದಲ್ಲಿ ಸರಿಯಾಗಿಯೇ ಕುಳಿತಿದೆ, ನೀವು ಪಕ್ಕದ ಮನೆಯ ಅಂಚೆಪೆಟ್ಟಿಗೆ ತೆರೆದು ನೋಡುತ್ತಿದ್ದೀರಿ.

ಮ್ಯಾಕ್ರೋವನ್ನು ಕಂಪೈಲ್ ಆದೇಶದಲ್ಲೇ ಕೊಡಿ, ಎಲ್ಲ ಫೈಲುಗಳಿಗೂ ಕೊಡಿ. ಒಂದೇ ಒಂದು ಫೈಲ್ ತಪ್ಪಿಸಿಕೊಂಡರೂ ಸಾಕು, ಮತ್ತೆ ಇದೇ ಕಥೆ. ‘ಎಕ್ಸ್‌ಟರ್ನ್ ಇಂಟ್ ಎರ್‌ನೋ’ ಎಂದು ಕೈಯಾರೆ ಬರೆದ ಸಾಲು ಎಲ್ಲಿದ್ದರೂ ಅಳಿಸಿ, ಎರ್‌ನೋ.ಎಚ್ ಸೇರಿಸಿ. ಅನುಮಾನವಿದ್ದರೆ ಪ್ರಿಪ್ರೊಸೆಸರ್‌ನ ಔಟ್‌ಪುಟ್ ತೆಗೆದು ಎರ್‌ನೋ ಬಳಸಿದ ಆ ಒಂದು ಸಾಲನ್ನು ಕಣ್ಣಾರೆ ನೋಡಿ. ಇನ್ನೊಂದು: ದೋಷ ಬಂದ ಕೂಡಲೇ ಎರ್‌ನೋವನ್ನು ಲೋಕಲ್ ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಿ. ನಡುವೆ ಪ್ರಿಂಟ್‌ಎಫ್ ಕರೆದರೆ ಅದೇ ಅದನ್ನು ಬದಲಿಸಬಹುದು.

ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಎರ್‌ನೋ ಈ ಮ್ಯಾಕ್ರೋವನ್ನು ಕಾಯುವುದೇ ಇಲ್ಲ, ಅದು ಹೇಗಿದ್ದರೂ ಥ್ರೆಡ್‌ಗೊಂದು. ಅಲ್ಲಿ _ರೀಎಂಟ್ರಂಟ್ ಈಗ 1995ರ ಪೋಸಿಕ್ಸ್ (ಯೂನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡ) ಘೋಷಣೆಗಳನ್ನು ಕೇಳುವ ಹಳೆಯ ಪದ್ಧತಿ ಅಷ್ಟೇ. ಆದರೂ ‘ಮೊದಲ ಸಾಲಿನಲ್ಲಿ ಇದನ್ನು ಬರೆಯಿರಿ, ಪ್ರೋಗ್ರಾಂ ಥ್ರೆಡ್ ಸುರಕ್ಷಿತವಾಗುತ್ತದೆ’ ಎಂದು ಬೋಧಿಸುವ ನಾಟಿ ವೈದ್ಯರಿಗೆ ಕೊರತೆಯಿಲ್ಲ. ನಿಮ್ಮದೇ ಗ್ಲೋಬಲ್ ಕೌಂಟರನ್ನು ಎರಡು ಥ್ರೆಡ್‌ಗಳು ಒಟ್ಟಿಗೆ ಹೆಚ್ಚಿಸುತ್ತಿದ್ದರೆ ಯಾವ ಹೆಡರೂ ಕಾಪಾಡುವುದಿಲ್ಲ. ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಮ್ಯೂಟೆಕ್ಸ್ ಎಂಬ ಲಾಕ್ ಹಾಕಿ, ಇಲ್ಲವೇ ಸಿ11ರ ಅಟಾಮಿಕ್ (ನಡುವೆ ತುಂಡಾಗದೆ ಬದಲಾಗುವ ವೇರಿಯಬಲ್) ಬಳಸಿ.

ಪ್ರಶ್ನೆ: ವೇರಿಯಬಲ್‌ಗೆ ವೋಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಎಂಬ ಸೂಚನೆ) ಎಂದು ಬರೆದರೆ ಲಾಕ್ ಬೇಡವಲ್ಲವೇ?

ಉತ್ತರ: ಬೇಕು.

ಪ್ರಶ್ನೆ: ಪಠ್ಯವನ್ನು ಪದಗಳಾಗಿ ಒಡೆಯುವ ಸ್ಟ್ರ್‌ಟೋಕ್ ಎರಡು ಥ್ರೆಡ್‌ಗಳಲ್ಲಿ ಪದಗಳನ್ನು ಕಲಸುತ್ತದೆ.

ಉತ್ತರ: ಕಲಸದೆ ಇನ್ನೇನು? ಎಲ್ಲಿಗೆ ನಿಲ್ಲಿಸಿದೆ ಎಂಬುದನ್ನು ಅದು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಆ ಗುರುತನ್ನು ನಿಮ್ಮ ಕೈಗೇ ಕೊಡುವ ಸ್ಟ್ರ್‌ಟೋಕ್_ಆರ್ ಬಳಸಿ.

ಪ್ರಶ್ನೆ: ಲಿಂಕ್ ಮಾಡುವಾಗ ಪಿಥ್ರೆಡ್ ಲೈಬ್ರರಿ ಸೇರಿಸಿದರೆ ಸಾಲದೇ?

ಉತ್ತರ: ಅದು ಲಿಂಕರ್‌ಗೆ ಮಾತ್ರ ಕೇಳಿಸುತ್ತದೆ, ಹೆಡರ್ ಓದುವ ಕಂಪೈಲರ್‌ಗೆ ಅಲ್ಲ. ಜಿಸಿಸಿ ಕಂಪೈಲರ್‌ಗೆ -ಪಿಥ್ರೆಡ್ ಎಂದು ಕಂಪೈಲ್, ಲಿಂಕ್ ಎರಡರಲ್ಲೂ ಕೊಡಿ.