ಕೊಳಚೆ ನೀರಿಗೆ ಯುವಿ ದೀಪವೊಂದೇ ಸಾಕೇ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ವಸತಿ ಶಾಲೆ. ಸ್ನಾನಗೃಹ, ಶೌಚಾಲಯಗಳ ನೀರು ಸೆಪ್ಟಿಕ್ ಟ್ಯಾಂಕ್ ದಾಟಿದ ಮೇಲೆ ಯುವಿ ದೀಪದಡಿ ಹಾಯಿಸಿ ಸೊಪ್ಪಿನ ಮಡಿಗಳಿಗೆ ಬಿಡಬಹುದೇ? ಕ್ಲೋರಿನ್ ಬಳಕೆ ನಮಗೆ ಇಷ್ಟವಿಲ್ಲ.

ಉತ್ತರ: ನೇರವಾಗಿ ಬಿಡುವುದಾದರೆ ಬೇಡ. ಈ ದೀಪಗಳು ಹೊಮ್ಮಿಸುವ ಸುಮಾರು 254 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣಗಳು ರೋಗಾಣುಗಳ ಡಿಎನ್‌ಎಯನ್ನು ಹಾಳುಗೆಡವಿ ಅವು ವೃದ್ಧಿಯಾಗದಂತೆ ಮಾಡುತ್ತವೆಯಾದರೂ, ಕಿರಣ ತಾಗದ ರೋಗಾಣುವಿಗೆ ಏನೂ ಆಗುವುದಿಲ್ಲ. ಸೆಪ್ಟಿಕ್ ಟ್ಯಾಂಕಿನ ನೀರಿನಲ್ಲಿರುವ ಕಣಗಳ ಮರೆಯಲ್ಲಿ ಅವು ಸುರಕ್ಷಿತವಾಗಿ ದಾಟಿ ಹೋಗುತ್ತವೆ. ನೀರು ತಿಳಿಯಾಗಿ ಕಂಡ ಮಾತ್ರಕ್ಕೂ ನಂಬುವಂತಿಲ್ಲ, ಏಕೆಂದರೆ ಕರಗಿದ ಸಾವಯವ ಪದಾರ್ಥಗಳು ಮತ್ತು ಕಬ್ಬಿಣದ ಅಂಶ ಕಣ್ಣಿಗೆ ಕಾಣದೆಯೇ ಈ ಕಿರಣಗಳನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಮೊದಲ ಹಣವನ್ನು ಜೊಂಡು ಬೆಳೆಸಿದ ಜಲ್ಲಿ ಹಾಸು ಮತ್ತು ಮರಳಿನ ಶೋಧಕಕ್ಕೆ ಹಾಕಿ, ದೀಪವನ್ನು ಕೊನೆಗೆ ಇರಿಸಿಕೊಳ್ಳಿ.

ಜಂತುಹುಳುವಿನ ಮೊಟ್ಟೆಗಳ ಮಾತೇ ಬೇರೆ. ಗಟ್ಟಿ ಕವಚದ ಈ ಮೊಟ್ಟೆಗಳು ಸಾಮಾನ್ಯ ಪ್ರಮಾಣದ ಕಿರಣಗಳಿಗೆ ಜಗ್ಗುವುದಿಲ್ಲ. ತಳಕ್ಕೆ ಇಳಿಯಲು ಬಿಡಬೇಕು, ಇಲ್ಲವೇ ಸೋಸಿ ತೆಗೆಯಬೇಕು. ಮಕ್ಕಳಿರುವ ಕಡೆ ಇದನ್ನು ಕಡೆಗಣಿಸಲಾಗದು.

ನಿಮ್ಮ ಕಡೆಯ ಕೊಳವೆಬಾವಿ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ದೀಪದ ಸುತ್ತಲಿನ ಸ್ಫಟಿಕದ ಕೊಳವೆಯ ಮೇಲೂ ಕಟ್ಟಿ ಬೆಳಕನ್ನು ತಡೆಯುತ್ತದೆ. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ನೀರಿನಲ್ಲಿ ಕರಗಿಸಿ, ದೀಪ ಆರಿಸಿದ ಮೇಲೆ ಒರೆಸುವ ಕೆಲಸವನ್ನು ಒಬ್ಬರಿಗೆ ಖಾಯಂ ವಹಿಸಿ. ದೀಪ ಉರಿಯುತ್ತಿದ್ದರೂ ಸುಮಾರು 9,000 ಗಂಟೆಗಳ ನಂತರ ಅದರ ಕಿರಣ ಕುಗ್ಗಿರುತ್ತದೆ. ನೀಲಿ ಹೊಳಪನ್ನು ನೋಡಿ ಸಮಾಧಾನಪಡಬಾರದು, ಬದಲಿಸಬೇಕು. ಕರೆಂಟ್ ಹೋದೊಡನೆ ನೀರಿನ ಹರಿವೂ ನಿಲ್ಲುವ ವ್ಯವಸ್ಥೆ ಇರಲೇಬೇಕು. ಸಂಸ್ಕರಿಸಿದ ನೀರನ್ನು ತೆರೆದ ತೊಟ್ಟಿಯಲ್ಲಿ ಕೂಡಿಡಬೇಡಿ: ಯುವಿಯ ಪ್ರಭಾವ ಕ್ಲೋರಿನ್ನಿನಂತೆ ನೀರಿನಲ್ಲಿ ಉಳಿಯುವುದಿಲ್ಲ, ಮೇಲಾಗಿ ಪೆಟ್ಟು ತಿಂದ ಕೆಲವು ಬ್ಯಾಕ್ಟೀರಿಯಾಗಳು ಹಗಲ ಬೆಳಕಿನಲ್ಲಿ ಚೇತರಿಸಿಕೊಳ್ಳಬಲ್ಲವು.

ಜಾಗವಿದ್ದರೆ ದೀಪಕ್ಕಿಂತ, ನೀರು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಹರಿಯುವ ಸಾಲು ಹೊಂಡಗಳೇ ನಿಮಗೆ ಹೆಚ್ಚು ಒಗ್ಗುತ್ತವೆ ಎಂಬುದು ನನ್ನ ಅಭಿಪ್ರಾಯ. ಒಂದು ಮೀಟರಿನಷ್ಟೇ ಆಳದ ಕೊನೆಯ ಹೊಂಡಗಳಲ್ಲಿ ವಾರಗಟ್ಟಲೆ ನಿಂತ ನೀರಿನಲ್ಲಿರುವ ಜಂತುಹುಳುವಿನ ಮೊಟ್ಟೆಗಳು ತಳ ಸೇರುತ್ತವೆ, ಉಳಿದ ಕೆಲಸವನ್ನು ಕೊಪ್ಪಳದ ಬಿಸಿಲು ಕರೆಂಟ್ ಬಿಲ್ಲಿಲ್ಲದೆ ಮಾಡುತ್ತದೆ. ಸುತ್ತ ಬೇಲಿ, ಸೊಳ್ಳೆಯ ಹತೋಟಿ ಅಗತ್ಯ. ಹೊಂಡವಿರಲಿ, ದೀಪವಿರಲಿ, ಹಸಿಯಾಗಿ ತಿನ್ನುವ ಮೆಂತ್ಯ, ಕೊತ್ತಂಬರಿಗೆ ಈ ನೀರು ಬೇಡ. ನುಗ್ಗೆ, ಬಾಳೆ, ಮೇವಿನ ಹುಲ್ಲಿನ ಬುಡಕ್ಕೆ ಬಿಡಿ.