ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬೈಟಿಯಾ (ಬೈಟ್‌ಗಳನ್ನು ಹಾಗೇ ಇಡುವ) ಕಾಲಮ್‌ಗೆ ಚಿತ್ರದ ಫೈಲ್ ಸೇರಿಸುವಾಗ ‘ಇನ್‌ವ್ಯಾಲಿಡ್ ಇನ್‌ಪುಟ್ ಸಿಂಟ್ಯಾಕ್ಸ್’ ಎರರ್ ಬರುತ್ತದೆ. ಎಸ್ಕೇಪ್ ಮಾಡುವುದು (ತೊಡಕಿನ ಬೈಟ್‌ಗಳನ್ನು ಸಂಕೇತದಲ್ಲಿ ಬರೆಯುವುದು) ಹೇಗೆ?
ಸಾಧ್ಯವಿದ್ದರೆ ಎಸ್ಕೇಪ್ ಮಾಡುವ ಗೊಡವೆಗೇ ಹೋಗಬೇಡಿ. ಕ್ವೆರಿಯಲ್ಲಿ ಪ್ಯಾರಾಮೀಟರ್ (ಮೌಲ್ಯಕ್ಕೆ ಖಾಲಿ ಜಾಗ) ಇಟ್ಟು, ಡ್ರೈವರ್‌ನ (ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿಯ) ಬೈನರಿ ಟೈಪ್‌ನಲ್ಲಿ ಬೈಟ್‌ಗಳನ್ನು ಅದಕ್ಕೆ ಬೈಂಡ್ ಮಾಡಿ, ಅಂದರೆ ಜೋಡಿಸಿ. ಸ್ಟ್ರಿಂಗ್ ಎಂದು ಬೈಂಡ್ ಮಾಡಿದರೆ ಮತ್ತೆ ಅದೇ ತಲೆನೋವು.

ಎಸ್‌ಕ್ಯೂಎಲ್ ಫೈಲಿನಲ್ಲಿ ಕೈಯಾರೆ ಬರೆಯಲೇಬೇಕಾದರೆ ಪೋಸ್ಟ್‌ಗ್ರೆಸ್‌ನಲ್ಲಿ ಹೆಕ್ಸ್ (ಹದಿನಾರರ ಎಣಿಕೆಯ) ರೂಪವೇ ವಾಸಿ. ಕೋಟ್ ಒಳಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಮತ್ತು ಎಕ್ಸ್ ಅಕ್ಷರ, ಆಮೇಲೆ ಪ್ರತಿ ಬೈಟ್‌ಗೂ ಎರಡೆರಡು ಹೆಕ್ಸ್ ಅಂಕೆ. ಬರಹ ಫೈಲಿನ ಎರಡರಷ್ಟು ಉದ್ದವಾಗುತ್ತದೆ, ಅಷ್ಟೆ. ಇದು 9.0 ಆವೃತ್ತಿಯಿಂದ ಇದೆ.

ಹಳೆಯ ಎಸ್ಕೇಪ್ ರೂಪದಲ್ಲಿ ಸೊನ್ನೆ ಬೈಟ್, 127ಕ್ಕಿಂತ ಮೇಲಿನವು, ಸಿಂಗಲ್ ಕೋಟ್, ಬ್ಯಾಕ್‌ಸ್ಲ್ಯಾಶ್ ಇವನ್ನೆಲ್ಲ ಬ್ಯಾಕ್‌ಸ್ಲ್ಯಾಶ್ ಹಾಕಿ ಮೂರಂಕಿಯ ಆಕ್ಟಲ್‌ನಲ್ಲಿ (ಎಂಟರ ಎಣಿಕೆಯಲ್ಲಿ) ಬರೆಯಬೇಕು. ಸಿಂಗಲ್ ಕೋಟ್‌ನ ಬೈಟ್ 39. ಹೆಕ್ಸ್‌ನಲ್ಲಿ 27, ಇಲ್ಲಿ 047. ಎಸ್ಕೇಪ್ ಆಗದ ಬ್ಯಾಕ್‌ಸ್ಲ್ಯಾಶ್ ಆದಮೇಲೆ ಬೇರೇನೋ ಅಕ್ಷರ ಬಂದಾಗಲೇ ನಿಮ್ಮ ಎರರ್ ಹುಟ್ಟುವುದು. ಸೊನ್ನೆ ಬೈಟ್ ಹಾಗೇ ಉಳಿದರೆ ಸಿ ಲೈಬ್ರರಿ ಕ್ವೆರಿಯನ್ನು ಅಲ್ಲಿಗೇ ಕತ್ತರಿಸುತ್ತದೆ.

9.1ಕ್ಕಿಂತ ಹಿಂದಿನ ಸರ್ವರ್ ಆದರೆ, ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ, ಸಾಮಾನ್ಯ ಕೋಟ್ ಒಳಗಿನ ಬ್ಯಾಕ್‌ಸ್ಲ್ಯಾಶ್ ಎರಡೆರಡು ಬೇಕು. ಚಿತ್ರ ಸರಿಯಾಗಿ ಸೇರಿಯೂ ಓದುವಾಗ ಕೆಟ್ಟು ಬಂದರೆ ಕ್ಲೈಂಟ್ ಲೈಬ್ರರಿ ಹಳೆಯದಿರಬಹುದು. ಅದಕ್ಕೆ ಹೆಕ್ಸ್ ಔಟ್‌ಪುಟ್ ಅರ್ಥವಾಗದು. ಲೈಬ್ರರಿ ಬದಲಿಸಿ, ಇಲ್ಲವೇ ‘ಬೈಟಿಯಾ ಔಟ್‌ಪುಟ್’ ಸೆಟ್ಟಿಂಗನ್ನು ಎಸ್ಕೇಪ್‌ಗೆ ತಿರುಗಿಸಿ.