‘ಐ ವರ್ಕ್ಡ್ ಹಾರ್ಡ್‌ಲಿ’ಯಲ್ಲಿ ತಪ್ಪೇನು?

ಪುಣೆ ಆಫೀಸಿನ ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಫಾರ್ಮಿನಲ್ಲಿ ‘ಕಷ್ಟಪಟ್ಟು ಕೆಲಸ ಮಾಡಿದೆ’ ಅನ್ನೋದಕ್ಕೆ ನೀವು ಬರೆದ ಸಾಲಿಗೆ ಮ್ಯಾನೇಜರ್ ಪ್ರಶ್ನೆ ಎತ್ತಿದ್ದಾರೆ, ಅದರಲ್ಲಿ ತಪ್ಪೇನು ಅಂತ ಕೇಳಿದ್ದೀರಿ. ನೀವು ಬರೆದ ‘ಐ ವರ್ಕ್ಡ್ ಹಾರ್ಡ್‌ಲಿ’ ಓದಿದವರಿಗೆ ‘ನಾನು ಕೆಲಸ ಮಾಡಿದ್ದೇ ಅಪರೂಪ’ ಅನ್ನೋ ಅರ್ಥ ಕೊಡುತ್ತೆ. ಮ್ಯಾನೇಜರ್ ಪ್ರಶ್ನೆ ಎತ್ತಿದ್ದು ಬಹುಶಃ ಅದಕ್ಕೇ. ‘ವೇಗ’ಕ್ಕೆ ‘ಆಗಿ’ ಸೇರಿಸಿ ‘ವೇಗವಾಗಿ’ ಮಾಡೋ ಅಭ್ಯಾಸ ನಮ್ಮದು. ಅದೇ ಲೆಕ್ಕದಲ್ಲಿ ಇಂಗ್ಲಿಷಿನ ಎಲ್ಲ ಪದಕ್ಕೂ ‘ಲಿ’ ಅಂಟಿಸಿಬಿಡ್ತೀವಿ.

ಮೊದಲು ‘ಐ ವರ್ಕ್ಡ್ ಹಾರ್ಡ್’ ಅಂತ ತಿದ್ದಿ. ಆಮೇಲೆ ‘ಲಿ’ಯಿಂದ ಮುಗಿಯುವ ಪದಗಳನ್ನೆಲ್ಲ ಒಂದೊಂದಾಗಿ ನೋಡಿ. ‘ಲೇಟ್‌ಲಿ’ ಅಂದರೆ ತಡವಾಗಿ ಅಲ್ಲ, ಇತ್ತೀಚೆಗೆ. ‘ನಿಯರ್‌ಲಿ’ ಅಂದರೆ ಹತ್ತಿರದಲ್ಲಿ ಅಲ್ಲ, ಹೆಚ್ಚುಕಡಿಮೆ. ‘ಫಾಸ್ಟ್‌ಲಿ’ ಬೇಡವೇ ಬೇಡ, ‘ಫಾಸ್ಟ್’ ಸಾಕು.

ಕೊನೆಗೆ ‘ಓನ್ಲಿ’. ಇದನ್ನು ಬಿಡೋದು ಕಷ್ಟ. ‘ನಾನೇ ಮಾಡಿದೆ’ ಅನ್ನೋದನ್ನ ‘ಐ ಓನ್ಲಿ ಡಿಡ್ ಇಟ್’ ಅಂತೀವಿ. ಮರಾಠಿಯ ‘ಮೀಚ್’ (ನಾನೇ) ಕೂಡ ಹೀಗೇ ‘ಐ ಓನ್ಲಿ’ ಆಗುತ್ತೆ, ಹಾಗಾಗಿ ಅಲ್ಲಿನ ಸಹೋದ್ಯೋಗಿಗಳಿಗೂ ತಪ್ಪು ಕಾಣಿಸೋದಿಲ್ಲ. ಹೊರದೇಶದ ಕ್ಲೈಂಟ್ ಮಾತ್ರ ‘ಅಷ್ಟೇ ಮಾಡಿದೆ’ ಅಂತ ಓದಿಕೊಳ್ಳಬಹುದು. ‘ಐ ಡಿಡ್ ಇಟ್ ಮೈಸೆಲ್ಫ್’ ಅಂತ ಬರೆಯಿರಿ.

ಫಾರ್ಮ್ ಲಾಕ್ ಆಗಿದ್ದರೆ, ತಿದ್ದುಪಡಿಗೆ ವಾಪಸ್ ಕಳಿಸಿ ಅಂತ ಮ್ಯಾನೇಜರಿಗೆ ಒಂದು ಸಾಲಿನ ಮೇಲ್ ಹಾಕಿ.